ಚಿನ್ನದ ಮಂಡಿಯಲ್ಲಿ ಚಿನ್ನವಿಲ್ಲ: ಲೋಹದ ಕೀಲಿಗೆ ಸೆರಾಮಿಕ್ ಕಲಾಯಿ ಏಕೆ?

ಮಂಡಿ ಕೀಲು ಬದಲಿಸಬೇಕೆಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ 'ಈ ವಯಸ್ಸಿಗೆ ಬೇಕಾ?' ಎಂಬುದು. ಈಗ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: 'ಮಾಮೂಲಿಯದು ಹಾಕಿಸೋಣವೋ, ಗೋಲ್ಡ್ ಹಾಕಿಸೋಣವೋ?' ಆಸ್ಪತ್ರೆಗಳ ಜಾಹೀರಾತಿನಲ್ಲಿ ಬಂಗಾರದ ಬಣ್ಣದ ಮಂಡಿ ಹೊಳೆಯುತ್ತಿರುತ್ತದೆ. ಅಲರ್ಜಿ ಆಗದು, ಸವೆಯದು, ದಶಕಗಟ್ಟಲೆ ಬಾಳುತ್ತದೆ ಎಂಬ ಭರವಸೆ ಪಕ್ಕದಲ್ಲೇ ಇರುತ್ತದೆ.

ಇತ್ತ ಪತ್ರಿಕೆಗಳಲ್ಲಿ ಬರುವ ಸುದ್ದಿಗಳ ಧಾಟಿಯೇ ಬೇರೆ. ಲೋಹದ ಸೊಂಟದ ಕೀಲು ಹಾಕಿಸಿಕೊಂಡವರ ರಕ್ತಕ್ಕೆ ಕೋಬಾಲ್ಟ್ ಸೇರಿತು, ಲಕ್ಷಗಟ್ಟಲೆ ಪರಿಹಾರ ಕೊಡಬೇಕಾಯಿತು ಎನ್ನುತ್ತದೆ ಒಂದು ಸುದ್ದಿ. ಯುರೋಪಿನಲ್ಲಿ ಕೋಬಾಲ್ಟನ್ನು ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ ಎನ್ನುತ್ತದೆ ಇನ್ನೊಂದು. ಸರ್ಕಾರ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿದೆಯಂತೆ, ಆದರೆ ಆ ಮಿತಿಯೂ ಎಲ್ಲ ಮಂಡಿಗಳಿಗೆ ಒಂದೇ ಅಲ್ಲವಂತೆ. ಇವನ್ನೆಲ್ಲ ಒಟ್ಟಿಗೆ ಓದಿದವರು ಬರುವ ತೀರ್ಮಾನ ಊಹಿಸುವುದು ಕಷ್ಟವಲ್ಲ: ಬರೀ ಲೋಹ ವಿಷ, ಮೇಲೆ ಲೇಪ ಬಿದ್ದರೆ ಅಮೃತ.

ವಿಷಯ ಅಷ್ಟು ನೇರವಾಗಿಲ್ಲ. 'ಸೆರಾಮಿಕ್ ಲೇಪ' ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ತದ್ವಿರುದ್ಧ ಕೆಲಸದ ಪದಾರ್ಥಗಳು ಕೂತಿವೆ. ಒಂದು ಮೂಳೆಯನ್ನು ಹಿಡಿದುಕೊಳ್ಳಬೇಕು, ಇನ್ನೊಂದು ಯಾವುದಕ್ಕೂ ಅಂಟದೆ ಜಾರಬೇಕು. ಒಂದು ನಿಧಾನವಾಗಿ ಕರಗಿದರೇನೇ ಕೆಲಸ ಮಾಡುತ್ತದೆ, ಇನ್ನೊಂದು ಕರಗಿದರೆ ಕೆಟ್ಟಿತು. ಒಂದರ ಗುಣವನ್ನು ಇನ್ನೊಂದರ ಲೆಕ್ಕಕ್ಕೆ ಬರೆದು ಮಾರುವುದರಿಂದಲೇ ಈ ಗೊಂದಲದ ಬಹುಪಾಲು ಹುಟ್ಟಿದೆ.

## ಕಲಾಯಿಯ ತರ್ಕ

ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಇಟ್ಟರೆ ಕಿಲುಬು ಏಳುತ್ತದೆಂದು ನಮ್ಮ ಅಡುಗೆಮನೆಗಳಿಗೆ ಗೊತ್ತಿತ್ತು. ಹಾಗೆಂದು ಹಿತ್ತಾಳೆಯನ್ನು ಬಿಡಲಿಲ್ಲ. ಒಳಮೈಗೆ ತವರದ ಕಲಾಯಿ ಹಾಕಿಸಿದರು. ಭಾರ ಹೊರುವುದು ಹಿತ್ತಾಳೆ, ಸಾರು ಮುಟ್ಟುವುದು ತವರವನ್ನು. ಇಂಪ್ಲಾಂಟಿನ ಲೇಪದ ಹಿಂದೆ ಇರುವುದೂ ಇದೇ ತರ್ಕ.

ದೇಹದ ಒಳಗು ಲೋಹಕ್ಕೆ ಸುಖದ ಜಾಗವಲ್ಲ. 37 ಡಿಗ್ರಿ ಸೆಲ್ಸಿಯಸ್‌ನ ಉಪ್ಪುನೀರು, ಅದರಲ್ಲಿ ಕರಗಿದ ಆಮ್ಲಜನಕ, ಪ್ರೋಟೀನು, ಮೇಲೆ ಸದಾ ಉಜ್ಜಾಟ. ನಡೆದಾಡುವ ಮನುಷ್ಯನ ಒಂದೊಂದು ಮಂಡಿಯೂ ವರ್ಷಕ್ಕೆ ಸುಮಾರು ಹತ್ತು ಲಕ್ಷ ಸಲ ಮಡಚಿ ಬಿಚ್ಚುತ್ತದೆ. ಪ್ರತಿ ಹೆಜ್ಜೆಗೂ ಅದರ ಮೇಲೆ ಬೀಳುವುದು ದೇಹತೂಕದ ಎರಡು ಮೂರು ಪಟ್ಟು ಭಾರ. ಇಷ್ಟು ಭಾರವನ್ನು ಇಷ್ಟು ಸಲ ಒಡೆಯದೆ ತಾಳಿಕೊಳ್ಳಲು ಕೋಬಾಲ್ಟ್-ಕ್ರೋಮಿಯಂ, ಟೈಟಾನಿಯಂ, ಸ್ಟೇನ್‌ಲೆಸ್ ಸ್ಟೀಲ್‌ನಂಥ ಲೋಹಗಳೇ ಬೇಕು. ಆದರೆ ಲೋಹ ಎಷ್ಟೇ ಒಳ್ಳೆಯದಾದರೂ ಉಪ್ಪುನೀರಿನಲ್ಲಿ ಒಂದಿಷ್ಟು ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಲೋಹದ ಪರಮಾಣುಗಳನ್ನು, ಬಿಟ್ಟುಕೊಡುತ್ತದೆ.

ಸೆರಾಮಿಕ್‌ನ ಗುಣ ಇದಕ್ಕೆ ತಿರುಗುಮುರುಗು. ಅದು ಆಗಲೇ ಆಮ್ಲಜನಕದ ಜೊತೆಗೋ ಸಾರಜನಕದ ಜೊತೆಗೋ ಗಟ್ಟಿಯಾಗಿ ಬೆಸೆದುಕೊಂಡ ವಸ್ತು. ಹಾಗಾಗಿ ತುಕ್ಕು ಹಿಡಿಯಲು ಅದರಲ್ಲಿ ಉಳಿದಿರುವುದು ಕಡಿಮೆ. ಆದರೆ ಪಿಂಗಾಣಿ ಬಟ್ಟಲಿನಂತೆ ಪೆಡಸು: ಬಾಗುವುದಿಲ್ಲ, ಒಡೆಯುತ್ತದೆ. ಪೂರ್ತಿ ಸೆರಾಮಿಕ್‌ನ ಸೊಂಟದ ಗುಂಡು ಇಲ್ಲವೆಂದಲ್ಲ. 1970ರಲ್ಲೇ ಫ್ರಾನ್ಸಿನ ಪಿಯರ್ ಬೂಟಾಂ ಅಲ್ಯೂಮಿನಾದ ಕೀಲನ್ನು ಬಳಸಿದ್ದರು. ಗುಂಡು ಬಟ್ಟಲಿನಲ್ಲಿ ಕೂತ ಆಕಾರಕ್ಕೆ ಒತ್ತಡ ಹೆಚ್ಚು, ಎಳೆತ ಕಡಿಮೆ; ಸೆರಾಮಿಕ್ ತಾಳಿಕೊಳ್ಳುವುದು ಒತ್ತಡವನ್ನೇ. ಮಂಡಿಯ ಆಕಾರ ಅಷ್ಟು ಕರುಣಾಮಯಿಯಲ್ಲ. ಆದ್ದರಿಂದ ಒಡಲು ಲೋಹದ್ದು, ಚರ್ಮ ಸೆರಾಮಿಕ್‌ನದು ಎಂಬ ರಾಜಿ.

ಕಲಾಯಿಗೂ ಇದಕ್ಕೂ ಒಂದೇ ವ್ಯತ್ಯಾಸ, ಅದೂ ದೊಡ್ಡದು. ಪಾತ್ರೆಯ ಕಲಾಯಿ ಸವೆದರೆ ಮತ್ತೆ ಹಾಕಿಸಬಹುದು. ಮಂಡಿಯೊಳಕ್ಕೆ ಕಲಾಯಿಯವನನ್ನು ಕರೆಯಲಾಗದು.

## ಟೈಟಾನಿಯಂ ತಾನೇ ತೊಟ್ಟ ಅಂಗಿ

ಲೇಪದ ಚರ್ಚೆಯಲ್ಲಿ ಮರೆತುಹೋಗುವ ಒಂದು ಸಂಗತಿ ಇದೆ. ಮೂಳೆಗೆ ಅತ್ಯಂತ ಒಗ್ಗುವ ಲೋಹ ಎಂದು ಹೆಸರಾದ ಟೈಟಾನಿಯಂ ಅಸಲಿಗೆ ಎಂದೂ ಬರಿಮೈಯಲ್ಲಿ ಇರುವುದಿಲ್ಲ. ಗಾಳಿ ತಾಕಿದ ಕ್ಷಣವೇ ಅದರ ಮೇಲೆ ಟೈಟಾನಿಯಂ ಆಕ್ಸೈಡಿನ ಪದರ ಮೂಡುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಈ ಆಕ್ಸೈಡ್ ಒಂದು ಸೆರಾಮಿಕ್ಕೇ.

ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲಗಳ ಮೂಳೆಯೊಳಗೆ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣವೊಂದನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಮೊದಲ ರೋಗಿಗೆ ಹಲ್ಲಿನ ಇಂಪ್ಲಾಂಟ್ ಹಾಕಿದ್ದು ಈ ಅಡ್ಡಫಲದಿಂದಲೇ. ಮೂಳೆ ಲೋಹವನ್ನು ಒಪ್ಪಿತು ಎಂದು ನಾವು ಹೇಳುತ್ತೇವೆ. ಮೂಳೆ ಮುಟ್ಟಿದ್ದು ಮಾತ್ರ ಆಕ್ಸೈಡನ್ನು.

ಹಾಗಾಗಿ 'ಲೇಪವಿರುವುದು' ಮತ್ತು 'ಲೇಪವಿಲ್ಲದ್ದು' ಎಂಬ ವಿಂಗಡಣೆಯೇ ಅರ್ಧ ಸುಳ್ಳು. ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹವನ್ನು ಕಾಪಾಡುವುದೂ ತಾನಾಗಿ ಮೂಡಿದ ಕ್ರೋಮಿಯಂ ಆಕ್ಸೈಡಿನ ಪೊರೆಯೇ. ಕೇಳಬೇಕಾದದ್ದು: ತಾನಾಗಿ ಹುಟ್ಟಿದ ಪೊರೆ ಯಾವ ಜಾಗದಲ್ಲಿ ಸಾಲದು, ಅಲ್ಲಿ ಕಾರ್ಖಾನೆಯ ಲೇಪ ಏನನ್ನು ಸೇರಿಸುತ್ತದೆ?

## ಮೂಳೆ ಹಿಡಿಯಬೇಕಾದ ಲೇಪ

ಮೊದಲ ಜಾಗ, ಲೋಹ ಮತ್ತು ಮೂಳೆ ಎದುರುಬದುರಾಗುವ ಕಡೆ. ಸಿಮೆಂಟ್ ಇಲ್ಲದೆ ತೊಡೆಮೂಳೆಯೊಳಕ್ಕೆ ಬಡಿದು ಕೂರಿಸುವ ಸೊಂಟದ ಕೀಲಿನ ಕಾಂಡಕ್ಕೆ ಇಲ್ಲಿ ಹೈಡ್ರಾಕ್ಸಿಅಪಟೈಟ್ ಬಳಿಯುತ್ತಾರೆ. ಹೆಸರು ಬಾಯಿಗೆ ಕಷ್ಟ, ವಸ್ತು ಪರಿಚಿತ: ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ರೂಪ. ನಮ್ಮ ಮೂಳೆಯ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಇದೇ ಜಾತಿಯ ಖನಿಜ. ಇದನ್ನು ಬಳಿದ ಸೊಂಟದ ಕಾಂಡವನ್ನು ಲಂಡನ್ನಿನ ಶಸ್ತ್ರವೈದ್ಯ ರೊನಾಲ್ಡ್ ಫರ್ಲಾಂಗ್ 1985ರಲ್ಲಿ ಮೊದಲು ಕೂರಿಸಿದರು.

ಇದು ಕೆಲಸ ಮಾಡುವ ಬಗೆ ಹೀಗೆ. ಲೇಪದ ಮೇಲ್ಮೈ ದೇಹದ್ರವದಲ್ಲಿ ತುಸು ತುಸುವಾಗಿ ಕರಗುತ್ತದೆ. ಅದರಿಂದ ಆ ಸಂದಿಯಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಹೆಚ್ಚಾಗಿ, ಮೂಳೆಯ ಖನಿಜವನ್ನೇ ಹೋಲುವ ಹೊಸ ಹರಳುಗಳು ಲೇಪದ ಮೇಲೆ ಕೂರುತ್ತವೆ. ರಕ್ತದ ಪ್ರೋಟೀನುಗಳು ಬಂದು ಅಂಟುತ್ತವೆ, ಮೂಳೆ ಕಟ್ಟುವ ಜೀವಕೋಶಗಳು ಆ ಪ್ರೋಟೀನುಗಳನ್ನು ಹಿಡಿದು ನೆಲೆ ಮಾಡಿಕೊಳ್ಳುತ್ತವೆ. ಮೂಳೆ ತನ್ನ ಕಡೆಯಿಂದ ಮಾತ್ರವಲ್ಲ, ಲೇಪದ ಕಡೆಯಿಂದಲೂ ಬೆಳೆಯತೊಡಗುತ್ತದೆ. ಎರಡು ದಡದಿಂದಲೂ ಸೇತುವೆ ಕಟ್ಟಿದ ಹಾಗೆ.

ಇದರಲ್ಲಿ ಸಮಯವೇ ಮುಖ್ಯ. ಆಪರೇಷನ್ ಆದ ಮೊದಲ ವಾರಗಳಲ್ಲಿ ಕಾಂಡ ಮೂಳೆಯೊಳಗೆ ಸುಮಾರು 150 ಮೈಕ್ರಾನಿಗಿಂತ ಹೆಚ್ಚು ಅಲುಗಾಡಿದರೆ ಸುತ್ತಲೂ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆಯುತ್ತದೆ. 150 ಮೈಕ್ರಾನ್ ಎಂದರೆ ಎರಡು ಕೂದಲೆಳೆಯ ದಪ್ಪ. ನಾರು ಬೆಳೆಯಿತೆಂದರೆ ಕೀಲು ಸಡಿಲ, ನೋವು, ಕೊನೆಗೆ ಎರಡನೇ ಆಪರೇಷನ್. ಹೈಡ್ರಾಕ್ಸಿಅಪಟೈಟ್ ಮೂಳೆಯನ್ನು ಬೇಗ ಕರೆತಂದು ಈ ಅಪಾಯದ ಅವಧಿಯನ್ನು ಕಿರಿದು ಮಾಡುತ್ತದೆ. ಸುಮಾರು ಒಂದು ಮಿಲಿಮೀಟರಿನ ಸಂದಿಯನ್ನೂ ಮೂಳೆ ತುಂಬುವಂತೆ ಅದು ನೆರವಾಗಬಲ್ಲದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಇಷ್ಟರಲ್ಲಿ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ. ತೊಡಕು ಶುರುವಾಗುವುದು ಬಳಿಯುವ ಹಂತದಲ್ಲಿ.

ಸಾಮಾನ್ಯವಾಗಿ ಬಳಿಯುವ ವಿಧಾನ ಪ್ಲಾಸ್ಮಾ ಸಿಂಪಡಣೆ. ಹತ್ತು ಸಾವಿರ ಡಿಗ್ರಿ ಮೀರಿದ ಅನಿಲದ ಜ್ವಾಲೆಯೊಳಕ್ಕೆ ಪುಡಿಯನ್ನು ಊದುತ್ತಾರೆ. ಕಣಗಳು ಕ್ಷಣಾರ್ಧದಲ್ಲಿ ಕರಗಿ ಲೋಹಕ್ಕೆ ಬಡಿದು ಚಪ್ಪಟೆಯಾಗಿ ಹೆಪ್ಪುಗಟ್ಟುತ್ತವೆ. ಅಂಥ ಬೆಂಕಿಯಲ್ಲಿ ಹೈಡ್ರಾಕ್ಸಿಅಪಟೈಟ್ ಹೈಡ್ರಾಕ್ಸಿಅಪಟೈಟ್ ಆಗಿಯೇ ಉಳಿಯುವುದಿಲ್ಲ. ಒಂದಷ್ಟು ಬೇರೆ ಬಗೆಯ ಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ, ಒಂದಷ್ಟು ಹರಳುಗಟ್ಟಲು ಪುರುಸೊತ್ತಿಲ್ಲದೆ ಗಾಜಿನಂತೆ ಉಳಿಯುತ್ತದೆ, ಕೆಲವೊಮ್ಮೆ ಸುಟ್ಟ ಸುಣ್ಣವೂ ಸೇರಿಕೊಳ್ಳುತ್ತದೆ. ಗಾಜಿನಂಥ ಭಾಗ ದೇಹದಲ್ಲಿ ಬೇಗ ಕರಗುತ್ತದೆ, ಹರಳುಗಟ್ಟಿದ ಭಾಗ ನಿಧಾನ. ಬೇಗ ಕರಗಿದರೆ ಮೂಳೆ ಬೇಗ ಬರುತ್ತದೆ, ಆದರೆ ಬಂದ ಮೂಳೆಗೆ ಹಿಡಿದುಕೊಳ್ಳಲು ಲೇಪವೇ ಇರುವುದಿಲ್ಲ. ಕರಗದೆ ಉಳಿದರೆ ಹಿಡಿತ ದೀರ್ಘ, ಆದರೆ ವರ್ಷಗಳ ಮೇಲೆ ಚಕ್ಕೆಯೆದ್ದರೆ ಆ ಚಕ್ಕೆಗಳೂ ಬೇಗ ಕರಗುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡ ಲೇಪದ ಹರಳುಭಾಗ ಕನಿಷ್ಠ 45% ಇರಬೇಕು, ಲೋಹದ ಮೇಲಿನ ಹಿಡಿತ ಕನಿಷ್ಠ 15 ಮೆಗಾಪಾಸ್ಕಲ್ ಇರಬೇಕು ಎನ್ನುವುದು ಈ ಎರಡು ಅಂಚುಗಳ ನಡುವೆ ಹಾಕಿದ ಬೇಲಿ.

ಇನ್ನು ದಪ್ಪ. ಬಿಸಿಯಲ್ಲಿ ಬಳಿದದ್ದು ತಣ್ಣಗಾಗುವಾಗ ಹೈಡ್ರಾಕ್ಸಿಅಪಟೈಟ್ ಟೈಟಾನಿಯಂಗಿಂತ ಹೆಚ್ಚು ಕುಗ್ಗುತ್ತದೆ. ಕೆರೆ ಬತ್ತಿದಾಗ ಮೇಲಿನ ಮಣ್ಣು ಕುಗ್ಗಲು ನೋಡುತ್ತದೆ, ಕೆಳಗಿನ ನೆಲ ಬಿಡುವುದಿಲ್ಲ, ಅಂಗಳವೆಲ್ಲ ಬಿರುಕು. ಲೇಪದಲ್ಲಿ ನಡೆಯುವುದೂ ಅದೇ. ದಪ್ಪವಾದಷ್ಟೂ ಈ ಎಳೆತ ಹೆಚ್ಚು. ಆದ್ದರಿಂದ ತಯಾರಕರು ಸಾಮಾನ್ಯವಾಗಿ 50ರಿಂದ 150 ಮೈಕ್ರಾನ್‌ಗಳ ಒಳಗೆ ನಿಲ್ಲುತ್ತಾರೆ. ದಪ್ಪ ಲೇಪ ಎಂದರೆ ಒಳ್ಳೆಯ ಲೇಪ ಎಂಬ ಬಣ್ಣದಂಗಡಿಯ ಲೆಕ್ಕ ಇಲ್ಲಿ ನಡೆಯದು.

ಚಕ್ಕೆ ಎದ್ದರೆ ಏನಾಗುತ್ತದೆ? ಹೈಡ್ರಾಕ್ಸಿಅಪಟೈಟ್ ದೇಹಕ್ಕೆ ಹೊಸದಲ್ಲ, ಆದರೆ ಅದರ ಪುಡಿ ಬೇರೆಯೇ ಮಾತು. ಕಸ ಬಳಿಯುವ ಜೀವಕೋಶಗಳು, ಅಂದರೆ ಮ್ಯಾಕ್ರೋಫೇಜುಗಳು, ಪುಡಿಯನ್ನು ನುಂಗಿ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತವೆ. ಆ ಸಂಕೇತ ಕೇಳಿ ಮೂಳೆ ಕರಗಿಸುವ ಕೋಶಗಳು ಕೆಲಸಕ್ಕಿಳಿಯುತ್ತವೆ. ಪುಡಿ ಕೀಲಿನ ಸಂದಿಗೆ ಸೇರಿಬಿಟ್ಟರೆ ಬೀಸುಕಲ್ಲಿಗೆ ಮರಳು ಬಿದ್ದಂತೆ, ಕೃತಕ ಕೀಲಿನ ಎರಡು ಭಾಗಗಳ ನಡುವೆ ಇರುವ ಪ್ಲಾಸ್ಟಿಕ್ ಮೆತ್ತೆಯನ್ನು ಸವೆಸುತ್ತದೆ. ಮೂಳೆಯನ್ನು ಕರೆತಂದ ವಸ್ತುವೇ ಮೂಳೆಯನ್ನು ಓಡಿಸುವ ವಿಪರ್ಯಾಸ.

ಇದು ಬರೀ ಊಹೆಯ ಆತಂಕವಾಗಿ ಉಳಿಯಲಿಲ್ಲ. ಸ್ವೀಡನ್ನಿನ ಸೊಂಟದ ಕೀಲುಗಳ ರಾಷ್ಟ್ರೀಯ ದಾಖಲೆಯನ್ನು ಜಾಲಾಡಿದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಫಲಿತಾಂಶ ಹಲವರ ಹುಬ್ಬೇರಿಸಿತು: ಸೊಂಟದ ಬಟ್ಟಲಿನ ಭಾಗಕ್ಕೆ ಹೈಡ್ರಾಕ್ಸಿಅಪಟೈಟ್ ಬಳಿದಿದ್ದಾಗ ಮರು ಆಪರೇಷನ್ನಿನ ಅಪಾಯ ಹೆಚ್ಚಿತ್ತು. ಅದೇ ತಂಡ ಮರುವರ್ಷ ತೊಡೆಮೂಳೆಯ ಕಾಂಡದ ಬಗ್ಗೆ ನೋಡಿದಾಗ ಲೇಪದಿಂದ ಸ್ಪಷ್ಟ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಲೇಪ ಅದೇ, ಕೀಲೂ ಅದೇ. ಜಾಗ ಬದಲಾದದ್ದಕ್ಕೆ ಫಲವೂ ಬದಲಾಯಿತು. ಈ ಒಂದು ಸಂಗತಿ ಮುಂದಿನ ಚರ್ಚೆಗೆಲ್ಲ ಕೀಲಿಕೈ.

## ಜಾರಬೇಕಾದ ಲೇಪ

ಎರಡನೇ ಜಾಗ, ಉಜ್ಜುವ ಮೈ. ಬಂಗಾರದ ಮಂಡಿ ಬರುವುದು ಇಲ್ಲಿ.

ಆ ಬಣ್ಣ ಚಿನ್ನದ್ದಲ್ಲ. ಟೈಟಾನಿಯಂ ನೈಟ್ರೈಡ್ ಇಲ್ಲವೇ ಅದಕ್ಕೆ ನಿಯೋಬಿಯಂ ಬೆರೆಸಿದ ಟೈಟಾನಿಯಂ ನಿಯೋಬಿಯಂ ನೈಟ್ರೈಡಿನದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಂಗಾರದ ಬಣ್ಣದ ಡ್ರಿಲ್ ಬಿಟ್‌ಗಳ ಮೇಲಿರುವುದೂ ಟೈಟಾನಿಯಂ ನೈಟ್ರೈಡೇ. ನಿರ್ವಾತದಲ್ಲಿ ಟೈಟಾನಿಯಂ ಆವಿಯನ್ನು ಸಾರಜನಕದ ಜೊತೆ ಸೇರಿಸಿ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಮೇಲೆ ಕೂರಿಸುತ್ತಾರೆ. ದಪ್ಪ ಕೆಲವೇ ಮೈಕ್ರಾನ್, ಹೈಡ್ರಾಕ್ಸಿಅಪಟೈಟ್ ಲೇಪದ ಹತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ಗಡಸುತನದಲ್ಲಿ ಕೆಳಗಿನ ಲೋಹದ ಹಲವು ಪಟ್ಟು.

ಇದರ ಪರವಾದ ವಾದಕ್ಕೆ ಹುರುಳಿದೆ. ಗಡಸು ಮೈಗೆ ಸುಲಭವಾಗಿ ಗೀರು ಬೀಳುವುದಿಲ್ಲ. ಗೀರಿಲ್ಲದ ಮೈ ಮೇಲೆ ಪ್ಲಾಸ್ಟಿಕ್ ಮೆತ್ತೆ ಕಡಿಮೆ ಸವೆಯುತ್ತದೆ. ಕೋಬಾಲ್ಟ್, ಕ್ರೋಮಿಯಂ, ನಿಕ್ಕಲ್ ಅಯಾನುಗಳು ಹೊರಬರಲು ಗೋಡೆ ಅಡ್ಡ ನಿಲ್ಲುತ್ತದೆ. ಪ್ರಯೋಗಾಲಯದ ಯಂತ್ರಗಳಲ್ಲಿ ಈ ಮೂರೂ ಒಂದಲ್ಲ ಒಂದು ಮಟ್ಟಿಗೆ ಕಂಡಿವೆ.

ಎದುರು ವಾದವೂ ಅಷ್ಟೇ ಗಟ್ಟಿ. ಮೆತ್ತನೆಯ ಹಾಸಿಗೆಯ ಮೇಲೆ ತೆಳು ಗಾಜು ಹಾಸಿ ಕೂತರೆ ಗಾಜು ಒಡೆಯುವುದು ಗಾಜಿನ ತಪ್ಪಿನಿಂದಲ್ಲ, ಕೆಳಗಿನದು ತಗ್ಗುವುದರಿಂದ. ಗಡಸು ಲೇಪದ ಕೆಳಗಿನ ಲೋಹ ಭಾರಕ್ಕೆ ತುಸು ತಗ್ಗಿದರೂ ಲೇಪ ಬಿರಿಯುತ್ತದೆ. ಟೈಟಾನಿಯಂ ಮಿಶ್ರಲೋಹದ ಸೊಂಟದ ಗುಂಡುಗಳಿಗೆ ಹಿಂದೆ ಈ ಲೇಪ ಹಾಕಿದ್ದರು. ದೇಹದಿಂದ ಹೊರತೆಗೆದ ಕೆಲವು ಗುಂಡುಗಳ ಮೇಲೆ ಲೇಪ ಅಲ್ಲಲ್ಲಿ ಕಿತ್ತುಹೋಗಿ ಗುಳಿ ಬಿದ್ದಿದ್ದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕಿತ್ತ ಕಣ ಗಡಸು, ಸಿಕ್ಕಿಕೊಳ್ಳುವುದು ಕೀಲಿನ ನಡುವೆ. ಕೋಬಾಲ್ಟ್-ಕ್ರೋಮಿಯಂ ಟೈಟಾನಿಯಂಗಿಂತ ಬಿಗಿಯಾದ ಹಾಸು, ಅಷ್ಟರ ಮಟ್ಟಿಗೆ ಈಗಿನ ಮಂಡಿಗಳ ಸ್ಥಿತಿ ಮೇಲು. ಒಂದೇ ದಪ್ಪ ಪದರದ ಬದಲು ಹಲವು ತೆಳು ಪದರಗಳನ್ನು ಪೇರಿಸಿ ಮೇಲೆ ಜಿರ್ಕೋನಿಯಂ ನೈಟ್ರೈಡ್ ಕೂರಿಸುವ ತಂತ್ರವೂ ಈ ಭಯದಿಂದಲೇ ಹುಟ್ಟಿತು.

ಮೂರನೇ ದಾರಿಯೊಂದಿದೆ, ನನ್ನ ಮಟ್ಟಿಗೆ ಎಂಜಿನಿಯರಿಂಗ್ ದೃಷ್ಟಿಯಿಂದ ಎಲ್ಲಕ್ಕಿಂತ ಜಾಣತನದ್ದು. ಜಿರ್ಕೋನಿಯಂಗೆ ತುಸು ನಿಯೋಬಿಯಂ ಬೆರೆಸಿದ ಮಿಶ್ರಲೋಹದಲ್ಲಿ ಮಂಡಿ ಮಾಡಿ ಗಾಳಿಯಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸುತ್ತಾರೆ. ಮೇಲಿನ ಐದು ಮೈಕ್ರಾನ್ ಲೋಹವೇ ಜಿರ್ಕೋನಿಯಾ ಸೆರಾಮಿಕ್ ಆಗಿ ಮಾರ್ಪಡುತ್ತದೆ. ಇದು ಹೊರಗಿನಿಂದ ಬಳಿದ ಸುಣ್ಣವಲ್ಲ, ಒಳಗಿನಿಂದ ಬಂದ ತೊಗಟೆ. ಲೋಹದಿಂದ ಆಕ್ಸೈಡಿಗೆ ಆಮ್ಲಜನಕದ ಪ್ರಮಾಣ ಮೆಲ್ಲಗೆ ಏರುವುದರಿಂದ ಕಿತ್ತುಬರುವ ಗಡಿರೇಖೆಯೇ ಅಲ್ಲಿಲ್ಲ. ಕಪ್ಪು ಬಣ್ಣದ ಈ ಮಂಡಿ 'ಆಕ್ಸಿನಿಯಂ' ಎಂಬ ವ್ಯಾಪಾರದ ಹೆಸರಿನಲ್ಲಿ ಪ್ರಸಿದ್ಧ.

## 'ದೇಹಸ್ನೇಹಿ' ಎಂಬ ಪ್ರಮಾಣಪತ್ರ

ಮೂರೂ ಬಗೆಯ ಉತ್ಪನ್ನಗಳ ಕರಪತ್ರದಲ್ಲಿ ಒಂದೇ ಪದ ಕಾಣುತ್ತದೆ: ಬಯೋಕಂಪ್ಯಾಟಿಬಲ್. ದೇಹಕ್ಕೆ ಹೊಂದುವಂಥದ್ದು. ಪದ ನಿಜ, ಅರ್ಥ ಮಾತ್ರ ಓದುಗ ತಿಳಿದಷ್ಟು ದೊಡ್ಡದಲ್ಲ.

ಜೈವಿಕ ಪದಾರ್ಥಗಳ ವಿಜ್ಞಾನದಲ್ಲಿ ಚಲಾವಣೆಯಲ್ಲಿರುವ ವ್ಯಾಖ್ಯೆ 1980ರ ದಶಕದಲ್ಲಿ ಬ್ರಿಟನ್ನಿನ ಡೇವಿಡ್ ವಿಲಿಯಮ್ಸ್ ಕೊಟ್ಟದ್ದು. ನಿರ್ದಿಷ್ಟ ಬಳಕೆಯಲ್ಲಿ ದೇಹದಿಂದ ತಕ್ಕ ಪ್ರತಿಕ್ರಿಯೆ ಪಡೆಯುತ್ತ ಕೆಲಸ ಮಾಡಬಲ್ಲ ಸಾಮರ್ಥ್ಯ ಎಂಬುದು ಅದರ ಸಾರ. ಇದರಲ್ಲಿ ಎಲ್ಲರೂ ಹಾರಿಸಿ ಓದುವ ತುಂಡು 'ನಿರ್ದಿಷ್ಟ ಬಳಕೆಯಲ್ಲಿ' ಎನ್ನುವುದು. ಯಾವ ವಸ್ತುವೂ ಸುಮ್ಮಸುಮ್ಮನೆ ದೇಹಸ್ನೇಹಿಯಲ್ಲ. ಪ್ಲಾಸ್ಟಿಕ್ ಮೆತ್ತೆ ಗಟ್ಟಿಯಾಗಿದ್ದಾಗ ದೇಹ ಅದನ್ನು ಗಮನಿಸುವುದೂ ಇಲ್ಲ. ಅದರ ಸವೆದ ಪುಡಿ ಮಾತ್ರ ಕೀಲುಗಳ ಸುತ್ತ ಮೂಳೆ ಕರಗಿಸಿದ ಕುಖ್ಯಾತಿ ಹೊತ್ತಿದೆ. ರಸಾಯನ ಒಂದೇ, ಗಾತ್ರ ಬೇರೆ.

ಮಾರುಕಟ್ಟೆಗೆ ಬರುವ ಮುನ್ನ ಐಎಸ್‌ಒ 10993 ಎಂಬ ಮಾನದಂಡ ಸರಣಿಯಂತೆ ಪರೀಕ್ಷೆಗಳಾಗುತ್ತವೆ. ವಸ್ತುವನ್ನು ನೆನೆಸಿದ ದ್ರವದಲ್ಲಿ ಜೀವಕೋಶಗಳು ಸಾಯುತ್ತವೆಯೇ, ಚರ್ಮಕ್ಕೆ ಅಲರ್ಜಿಯೇ, ಪ್ರಾಣಿಯ ಅಂಗಾಂಶದಲ್ಲಿ ಇಟ್ಟರೆ ಏನಾಗುತ್ತದೆ ಎಂಬಂಥವು. ಅಪಾಯಕಾರಿ ವಸ್ತುವನ್ನು ಬಾಗಿಲಲ್ಲೇ ತಡೆಯಲು ಇವು ಬೇಕೇ ಬೇಕು. ಆದರೆ ಇವು ಹೇಳುವುದು ಹೊಸ, ನಯವಾದ, ಒಡೆಯದ ಲೇಪದ ಬಗ್ಗೆ. ಹದಿನೈದು ವರ್ಷ, ಒಂದೂವರೆ ಕೋಟಿ ಹೆಜ್ಜೆ ಆದ ಮೇಲೆ ಆ ಲೇಪದ ಅಂಚು ಹೇಗಿರುತ್ತದೆ ಎಂಬುದಕ್ಕೆ ಜೀವಕೋಶದ ತಟ್ಟೆಯಲ್ಲಿ ಉತ್ತರ ಸಿಗದು.

ತಯಾರಿಕೆಯ ಸಣ್ಣ ಬದಲಾವಣೆಯೂ ಲೆಕ್ಕ ತಪ್ಪಿಸಬಲ್ಲದು. ಲೇಪವಲ್ಲದಿದ್ದರೂ ಜಿರ್ಕೋನಿಯಾ ಗುಂಡುಗಳ ಪ್ರಕರಣ ಇಲ್ಲಿ ನೆನೆಯಬೇಕಾದದ್ದು. ಫ್ರಾನ್ಸಿನ ಸೇಂಟ್ ಗೊಬೇನ್ ಡೆಮಾರ್ಕೆ ಕಂಪನಿ ತನ್ನ ಕುಲುಮೆಯನ್ನು ಹಳೆಯ ಮಾದರಿಯಿಂದ ಸುರಂಗ ಮಾದರಿಗೆ ಬದಲಿಸಿತು. ಹೊಸ ಕುಲುಮೆಯಲ್ಲಿ ಬೆಂದ ಕೆಲವು ಬ್ಯಾಚಿನ ಗುಂಡುಗಳು ರೋಗಿಗಳ ದೇಹದಲ್ಲಿ ಒಡೆದವು, 2001ರಲ್ಲಿ ವಾಪಸು ಕರೆಸಿಕೊಳ್ಳಬೇಕಾಯಿತು. ವಸ್ತುವಿನ ಹೆಸರು ಬದಲಾಗಿರಲಿಲ್ಲ, ಬೆಂಕಿ ಬದಲಾಗಿತ್ತು.

## ಕೋಬಾಲ್ಟಿನ ಭಯ ಎಷ್ಟು ನಿಜ?

ಲೇಪದ ಮಾರಾಟಕ್ಕೆ ಇಂಧನ ಒದಗಿಸಿದ್ದು ಡಿಪ್ಯೂ ಕಂಪನಿಯ ಎಎಸ್‌ಆರ್ ಸೊಂಟದ ಕೀಲಿನ ಪ್ರಕರಣ. 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಅದನ್ನು ವಾಪಸು ಕರೆಸಿಕೊಂಡರು. ಭಾರತದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದು ಬಳಕೆಯಾಗಿತ್ತು. ಕೇಂದ್ರ ಸರ್ಕಾರದ ತಜ್ಞರ ಸಮಿತಿ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಆದರೆ ಎಎಸ್‌ಆರ್‌ನಲ್ಲಿ ಕೋಬಾಲ್ಟ್-ಕ್ರೋಮಿಯಂ ಗುಂಡು ಉಜ್ಜುತ್ತಿದ್ದುದು ಕೋಬಾಲ್ಟ್-ಕ್ರೋಮಿಯಂ ಬಟ್ಟಲಿಗೆ. ಲೋಹಕ್ಕೆ ಲೋಹ. ಮಂಡಿಯಲ್ಲಿ ಲೋಹ ಉಜ್ಜುವುದು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಮೆತ್ತೆಗೆ. ಲೋಹದ ಅಯಾನು ಮಂಡಿಯಿಂದ ಸೊನ್ನೆ ಎಂದಲ್ಲ, ಆದರೆ ಸೊಂಟದ ಆ ಅನುಭವವನ್ನು ಹಾಗೇ ಎತ್ತಿ ಮಂಡಿಯ ಜಾಹೀರಾತಿಗೆ ಅಂಟಿಸುವುದು ಹೆದರಿಸುವ ವ್ಯಾಪಾರ.

ಯುರೋಪಿನ ಸುದ್ದಿಯದೂ ಇಂಥದೇ ಪಾಡು. 2021ರ ಅಕ್ಟೋಬರ್ 1ರಿಂದ ಅಲ್ಲಿ ಕೋಬಾಲ್ಟ್ ಲೋಹಕ್ಕೆ ಕ್ಯಾನ್ಸರ್ ಮತ್ತು ಸಂತಾನಶಕ್ತಿಯ ಅಪಾಯದ ವರ್ಗೀಕರಣ ಜಾರಿಯಲ್ಲಿದೆ. ತೂಕದಲ್ಲಿ 0.1% ಮೀರಿದರೆ ವೈದ್ಯಕೀಯ ಸಾಧನದ ತಯಾರಕರು ಅದನ್ನು ಏಕೆ ಬಳಸಬೇಕಾಯಿತೆಂದು ಸಮರ್ಥಿಸಿಕೊಳ್ಳಬೇಕು, ಲೇಬಲ್‌ನಲ್ಲಿ ತಿಳಿಸಬೇಕು. ಇದು ನಿಷೇಧವಲ್ಲ. ಆದರೆ ಪರಿಣಾಮ ಇದ್ದೇ ಇದೆ: ಮೂರರಲ್ಲಿ ಎರಡು ಪಾಲಿನಷ್ಟು ಕೋಬಾಲ್ಟೇ ಇರುವ ಮಿಶ್ರಲೋಹವನ್ನು ನಂಬಿದ ಉದ್ಯಮ ಲೇಪ, ಜಿರ್ಕೋನಿಯಂ, ಪೂರ್ತಿ ಸೆರಾಮಿಕ್ ಮಂಡಿಗಳ ಕಡೆಗೆ ಹೆಚ್ಚು ಹಣ ಹೂಡುವುದು ಈಗ ಅನಿವಾರ್ಯ.

ಅಲರ್ಜಿಯ ಮಾತಿಗೆ ಬಂದರೆ, ಕೃತಕ ಒಡವೆಯಿಂದ ಕಿವಿ ತುರಿಸುವವರು, ವಾಚಿನ ಬಕಲ್‌ನಿಂದ ಮಣಿಕಟ್ಟಿನಲ್ಲಿ ಗಾದರಿ ಏಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೆಚ್ಚಿನವರಲ್ಲಿ ಅದು ನಿಕ್ಕಲ್ ಅಲರ್ಜಿ. ಆದರೆ ಚರ್ಮದ ತುರಿಕೆ ಇದ್ದವರೆಲ್ಲರ ಮಂಡಿಯೂ ಕೆಡುವುದಿಲ್ಲ. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್ ಆಳದ ಕೀಲಿನ ಭವಿಷ್ಯ ಹೇಳುವುದರಲ್ಲಿ ಸೋತಿದೆ. ಹಾಗಿದ್ದರೂ ತೀವ್ರ ಅಲರ್ಜಿಯ ಇತಿಹಾಸ ಇರುವವರಿಗೆ ಲೇಪದ ಮಂಡಿ ಸೂಚಿಸುವ ಶಸ್ತ್ರವೈದ್ಯರನ್ನು ತಪ್ಪೆನ್ನಲಾಗದು. ಸಾಕ್ಷ್ಯ ತೆಳುವಾಗಿದ್ದರೂ ಎಚ್ಚರಿಕೆಗೆ ಬೆಲೆಯಿದೆ. ಅಂಥವರು ಕೆಲವರು. ಜಾಹೀರಾತು ಮಾತಾಡುತ್ತಿರುವುದು ಎಲ್ಲರ ಜೊತೆ.

## ದಾಖಲೆಗಳು ಹೇಳುವುದು

ಯುರೋಪಿನಲ್ಲಿ ಒಂದೇ ವಿನ್ಯಾಸದ ಮಂಡಿಯನ್ನು ಕೆಲವರಿಗೆ ನೈಟ್ರೈಡ್ ಲೇಪದೊಂದಿಗೆ, ಕೆಲವರಿಗೆ ಲೇಪವಿಲ್ಲದೆ, ಚೀಟಿ ಎತ್ತಿದಂತೆ ಹಂಚಿ ಹಾಕಿದ ಪ್ರಯೋಗಗಳಾಗಿವೆ. ಮೊದಲ ಕೆಲವು ವರ್ಷಗಳಲ್ಲಿ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಜಿರ್ಕೋನಿಯಂ ಮಂಡಿಯ ಬಗ್ಗೆ ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಯಲ್ಲಿ ಒಂದೇ ವಿನ್ಯಾಸದ 17,577 ಮಂಡಿಗಳನ್ನು 12 ವರ್ಷಗಳವರೆಗೆ ಹೋಲಿಸಿ ನೋಡಿದರು. ಮಾಮೂಲಿ ಕೋಬಾಲ್ಟ್-ಕ್ರೋಮಿಯಂಗಿಂತ ಅದರ ಮರು ಆಪರೇಷನ್ ಪ್ರಮಾಣ ಕಡಿಮೆಯಾಗಿರಲಿಲ್ಲ. ಎಂಜಿನಿಯರಿಂಗ್ ಜಾಣತನವೂ ರೋಗಿಯ ಲಾಭವೂ ಒಂದೇ ಅಲ್ಲವೆಂದು ಒಪ್ಪಿಕೊಳ್ಳದೆ ಗತಿಯಿಲ್ಲ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಂಡಿ ಮತ್ತೆ ತೆರೆಯಬೇಕಾಗಿ ಬರುವುದು ಹೆಚ್ಚಾಗಿ ಸೋಂಕಿನಿಂದ, ಸಡಿಲಾಗುವುದರಿಂದ, ಅಸ್ಥಿರತೆಯಿಂದ, ಅಕ್ಕಪಕ್ಕದ ಮೂಳೆ ಮುರಿಯುವುದರಿಂದ. ಲೋಹದ ಮೈ ಗೀರಾಗಿದ್ದರಿಂದ ಕೆಡುವ ಮಂಡಿಗಳು ಆ ಪಟ್ಟಿಯ ಕೊನೆಯಲ್ಲಿ ಬರುತ್ತವೆ. ನಮ್ಮಲ್ಲಿ ಬಹುಪಾಲು ಮಂಡಿಗಳನ್ನು ಕೂರಿಸುವುದು ಸಿಮೆಂಟಿನಿಂದ, ಹಾಗಾಗಿ ಮೂಳೆಯ ಕಡೆಯ ಹಿಡಿತವೂ ಮೇಲಿನ ಬಂಗಾರದ ಬಣ್ಣವನ್ನು ಅವಲಂಬಿಸಿಲ್ಲ. ಮೆತ್ತೆಯ ಸವೆತ ತಗ್ಗಿಸುವುದರಲ್ಲಿ ಸುಧಾರಿತ ಪಾಲಿಎಥಿಲೀನ್ ಮಾಡಿದ ಕೆಲಸ ಸಣ್ಣದಲ್ಲ. ಅದರ ಬಣ್ಣ ಬಿಳಿ, ಜಾಹೀರಾತಿನಲ್ಲಿ ಹೊಳೆಯುವುದಿಲ್ಲ.

ಇನ್ನು ಬಾಳಿಕೆ. ಆಸ್ಟ್ರೇಲಿಯಾ, ಫಿನ್ಲೆಂಡ್ ದಾಖಲೆಗಳ ಆಧಾರದ ಮೇಲೆ 2019ರಲ್ಲಿ ಪ್ರಕಟವಾದ ಲೆಕ್ಕದಂತೆ ಪೂರ್ತಿ ಮಂಡಿ ಬದಲಾವಣೆಗಳಲ್ಲಿ ಸುಮಾರು 82% 25 ವರ್ಷ ದಾಟುತ್ತವೆ. ಕಾಲು ಶತಮಾನದ ಹಿಂದೆ ಹಾಕಿದ, ಬಹುತೇಕ ಮಾಮೂಲಿ ಲೋಹದ ಮಂಡಿಗಳ ಸಾಧನೆ ಇದು. ಲೇಪದ ಮಂಡಿ ಇದನ್ನು ಮೀರಿಸುತ್ತದೆಂದು ಹೇಳಲು ಅಷ್ಟು ವರ್ಷ ಬಾಳಿದ ಲೇಪದ ಮಂಡಿಗಳು ಬೇಕು. ಯಂತ್ರದಲ್ಲಿ ತಿರುಗಿಸಿ ಎಣಿಸಿದ ಸುತ್ತುಗಳನ್ನು ವರ್ಷಗಳಿಗೆ ಪರಿವರ್ತಿಸಿ 'ಮೂವತ್ತು ವರ್ಷ' ಎಂದರೆ ಅದು ಲೆಕ್ಕಾಚಾರ, ಅನುಭವವಲ್ಲ.

## ಬೆಲೆಯ ಮೆಟ್ಟಿಲು

ಲಾಭ ಇಷ್ಟು ಅಸ್ಪಷ್ಟವಾಗಿದ್ದರೂ ಮಾರಾಟ ಇಷ್ಟು ಜೋರಾಗಿ ಏಕೆ? ಉತ್ತರದ ಒಂದು ತುಂಡು ದರ ನಿಯಂತ್ರಣದಲ್ಲೇ ಇದೆ.

2017ರ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ದರ ನಿಗದಿ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಅಲ್ಲಿಯವರೆಗೆ ಸರಾಸರಿ 1.58 ಲಕ್ಷ ರೂಪಾಯಿ ಇದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿ 54,720ಕ್ಕೆ ಇಳಿಯಿತು. ಟೈಟಾನಿಯಂ, ಜಿರ್ಕೋನಿಯಂನಂಥ ವಿಶೇಷ ಲೋಹ ಮತ್ತು ಲೇಪದ ವರ್ಗಕ್ಕೆ ಇದ್ದ ಸುಮಾರು 2.49 ಲಕ್ಷ 76,600ಕ್ಕೆ ಬಂತು. ತೆರಿಗೆ ಬೇರೆ. ಆಮೇಲೆ ದರಗಳು ಪರಿಷ್ಕರಣೆಯಾದರೂ ಚೌಕಟ್ಟು ಇದೇ.

ರೋಗಿಗಳಿಗೆ ದೊಡ್ಡ ಉಪಕಾರವಾಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ವರ್ಗಗಳ ನಡುವೆ ಸುಮಾರು 22,000 ರೂಪಾಯಿಯ ಮೆಟ್ಟಿಲೂ ಸೃಷ್ಟಿಯಾಯಿತು. ಕೆಳಗಿನ ಮೆಟ್ಟಿಲಲ್ಲಿ ಲಾಭದ ಅಂಚು ತೆಳುವಾದಾಗ ಗಿರಾಕಿಯನ್ನು ಮೇಲಿನದಕ್ಕೆ ಹತ್ತಿಸುವ ಆಸೆ ತಯಾರಕ, ವಿತರಕ, ಆಸ್ಪತ್ರೆ ಮೂವರಿಗೂ ಸಹಜ. ಸರ್ಕಾರದ ಆದೇಶವೇ ಲೇಪವನ್ನು 'ವಿಶೇಷ' ಎಂದು ಕರೆದಿರುವಾಗ ರೋಗಿ ಅದನ್ನು 'ಉತ್ತಮ' ಎಂದು ಓದಿಕೊಳ್ಳುತ್ತಾನೆ. ಉದ್ಯಮದವರ ಪ್ರತಿವಾದವನ್ನೂ ಕೇಳಬೇಕು: ಎಲ್ಲಕ್ಕೂ ಒಂದೇ ದರ ಕಟ್ಟಿದರೆ ಹೊಸ ಮೇಲ್ಮೈಗಳ ಸಂಶೋಧನೆಗೆ ಯಾರೂ ದುಡ್ಡು ಹಾಕುವುದಿಲ್ಲ, ಹೊಸದು ಭಾರತಕ್ಕೆ ಬರುವುದೂ ಇಲ್ಲ. ಅದು ಪೂರ್ತಿ ಸುಳ್ಳಲ್ಲ. ಆದರೆ ಹೆಚ್ಚಿನ ದರ ಪದಾರ್ಥದ ಹೆಸರಿಗೆ ಸಿಗಬೇಕೋ, ದಾಖಲಾದ ಫಲಿತಾಂಶಕ್ಕೆ ಸಿಗಬೇಕೋ ಎಂಬ ಪ್ರಶ್ನೆಗೆ ಆದೇಶ ಕೈಹಾಕಿಲ್ಲ.

ಫಲಿತಾಂಶಕ್ಕೆ ದರ ಕಟ್ಟಬೇಕೆಂದರೆ ಫಲಿತಾಂಶ ಎಣಿಸುವವರು ಬೇಕು. ಸ್ವೀಡನ್, ಆಸ್ಟ್ರೇಲಿಯಾಗಳ ಉದಾಹರಣೆಗಳೇ ಈ ಲೇಖನದಲ್ಲಿ ಮತ್ತೆ ಮತ್ತೆ ಬಂದಿರುವುದು ಕಾಕತಾಳೀಯವಲ್ಲ. ಭಾರತದಲ್ಲಿ ಸೊಂಟ-ಮಂಡಿ ಶಸ್ತ್ರವೈದ್ಯರ ಸಂಘ 2006ರಿಂದ ಒಂದು ದಾಖಲೆ ನಡೆಸುತ್ತಿದೆ, ಆದರೆ ಮಾಹಿತಿ ಕೊಡುವುದು ವೈದ್ಯರ ಇಚ್ಛೆಗೆ ಬಿಟ್ಟದ್ದು. ಸಾಧನಗಳಿಂದಾದ ತೊಂದರೆ ವರದಿ ಮಾಡಲು 2015ರಲ್ಲಿ ಮಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಬಂತು, 2018ರ ಜನವರಿ 1ರಿಂದ ವೈದ್ಯಕೀಯ ಸಾಧನಗಳ ನಿಯಮಗಳು ಜಾರಿಯಾದವು. ತೊಂದರೆಯಾದದ್ದು ಗೊತ್ತಾದರೆ ಇವು ನೆರವಾಗುತ್ತವೆ. ನೂರರಲ್ಲಿ ಎಷ್ಟಕ್ಕೆ ತೊಂದರೆಯಾಯಿತು ಎಂದು ಹೇಳಲು ಆ ನೂರರ ಲೆಕ್ಕವೂ ಇರಬೇಕಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಜೈವಿಕ ಸೆರಾಮಿಕ್‌ಗಳ ಮೇಲೆ ಗಂಭೀರ ಸಂಶೋಧನೆ ನಡೆಯುತ್ತಿದೆ. ಆದರೆ ಇಲ್ಲೇ ಹುಟ್ಟಿದ ಲೇಪ ಇಲ್ಲಿಯವರ ಮಂಡಿಯಲ್ಲಿ ಹೇಗೆ ಬಾಳಿತೆಂದು ತಿಳಿಯಲೂ ಆ ಎಣಿಕೆಯೇ ಬೇಕು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವ, ಕುಕ್ಕರಗಾಲಿನಲ್ಲಿ ಕೆಲಸ ಮಾಡುವ ಮಂಡಿಯ ಭಾರದ ಲೆಕ್ಕ ಸ್ವೀಡನ್ನಿನ ದಾಖಲೆಯಲ್ಲಿ ಸಿಗುವುದಿಲ್ಲ.

## ಫೈಲಿನಲ್ಲಿರಬೇಕಾದ ಸ್ಟಿಕರ್

ಆಪರೇಷನ್ ಎದುರಿಗಿರುವವರಿಗೆ ಈ ಚರ್ಚೆಯಿಂದ ತಕ್ಷಣಕ್ಕೆ ಸಿಗುವುದು ಕೆಲವೇ ಪ್ರಶ್ನೆಗಳು. ಲೇಪ ಯಾವ ಮೈ ಮೇಲಿದೆ, ಮೂಳೆಯ ಕಡೆಗೋ ಉಜ್ಜುವ ಕಡೆಗೋ? ನನಗೇ ಅದನ್ನು ಸೂಚಿಸಲು ಅಲರ್ಜಿಯಂಥ ಕಾರಣವಿದೆಯೇ? ಇದೇ ವಿನ್ಯಾಸ, ಇದೇ ಲೇಪದ ಮಂಡಿಯ ಹತ್ತು ವರ್ಷದ ಫಲಿತಾಂಶ ಯಾವುದಾದರೂ ದೇಶದ ದಾಖಲೆಯಲ್ಲಿದೆಯೇ? ಉತ್ತರ ಕೊಡಲು ತಡವರಿಸದ ವೈದ್ಯರು ಸಿಕ್ಕರೆ ಲೋಹದ ಬಣ್ಣಕ್ಕಿಂತ ಅದು ದೊಡ್ಡ ಲಾಭ. ಕೂರಿಸುವ ಕೈ ಮತ್ತು ಸೋಂಕಿಲ್ಲದ ಆಪರೇಷನ್ ಕೋಣೆ ಮಂಡಿಯ ಆಯುಸ್ಸನ್ನು ನಿರ್ಧರಿಸುವಷ್ಟು ಐದು ಮೈಕ್ರಾನಿನ ಪದರ ನಿರ್ಧರಿಸುವುದಿಲ್ಲ.

ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯಲ್ಲೂ ಅಂಟಿಸುವ ಚೀಟಿಗಳು ಬರುತ್ತವೆ: ತಯಾರಕರ ಹೆಸರು, ಮಾದರಿ, ಅಳತೆ, ಲಾಟ್ ನಂಬರ್. ಒಂದು ಆಸ್ಪತ್ರೆಯ ಕಡತಕ್ಕೆ, ಒಂದು ರೋಗಿಯ ಡಿಸ್ಚಾರ್ಜ್ ಪತ್ರಕ್ಕೆ. ಎಎಸ್‌ಆರ್ ವಾಪಸಾತಿಯ ನಂತರ ಭಾರತದಲ್ಲಿ ಆ ಕೀಲು ಹಾಕಿಸಿಕೊಂಡವರನ್ನು ಹುಡುಕಲು ಹೊರಟಾಗ ಬಹುಪಾಲು ಮಂದಿ ಪತ್ತೆಯಾಗಲೇ ಇಲ್ಲ. ತಮ್ಮ ಸೊಂಟದಲ್ಲಿ ಇರುವುದು ಯಾವ ಕಂಪನಿಯದೆಂದು ತಿಳಿಯುವ ಆ ಚೀಟಿ ಎಷ್ಟೋ ಮಂದಿಯ ಫೈಲಿನಲ್ಲಿ ಇರಲಿಲ್ಲ.